ಕುದುರೆ ಎಡವುತ್ತಿದೆ: ಕಾಲೋ, ಕುತ್ತಿಗೆಯೋ, ನರವೋ?

ಕುದುರೆ ಕುಂಟಿದರೆ ಎಲ್ಲರ ಕಣ್ಣೂ ಮೊದಲು ಕಾಲಿಗೇ ಹೋಗುತ್ತದೆ. ನನ್ನದೂ ಹೋಯಿತು. ನಮ್ಮ ಗೌರಿ ಎಡಗಾಲು ಎಳೆಯುತ್ತಾಳೆ ಅಂತ ಎರಡು ಸಲ ಲಾಳ ಬಿಚ್ಚಿಸಿ ಹೊಸದು ಹೊಡೆಸಿದೆ. ಗೊರಸು ಕೆರೆಸಿದೆ. ಮೊಣಕಾಲಿಗೆ ಶಾಖ ಕೊಡಿಸಿದೆ. ಮೂರು ತಿಂಗಳು ಹೀಗೇ ಕಳೆಯಿತು. ತೊಂದರೆ ಇದ್ದದ್ದು ಕುತ್ತಿಗೆಯ ಬುಡದಲ್ಲಿ.

ಗೌರಿಗೆ ಈಗ ಹನ್ನೊಂದು ವರ್ಷ. ರೇಸ್ ಮುಗಿಸಿ ಬಂದವಳು. ಆಲ್ದೂರಿನ ಹತ್ತಿರ ನಮ್ಮ ಕಾಫಿ ತೋಟದಲ್ಲಿ ಅವಳ ಜೊತೆ ಇನ್ನೆರಡು ಕುದುರೆಗಳಿವೆ. ಸುತ್ತಮುತ್ತ ಹೋಂಸ್ಟೇಯಲ್ಲಿ ಕುದುರೆ ಇಟ್ಟವರು, ಹಾಸನದಲ್ಲಿ ಮದುವೆ ಮೆರವಣಿಗೆಗೆ ಕಳಿಸುವವರು ಆಗಾಗ ಫೋನ್ ಮಾಡಿ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಡಾಕ್ಟರು ಬರುವಷ್ಟರಲ್ಲಿ ಏನು ನೋಡಿಟ್ಟುಕೊಳ್ಳಬೇಕು, ಬಂದಾಗ ಏನು ಹೇಳಬೇಕು, ಯಾವುದಕ್ಕೆ ಒಂದು ಗಂಟೆಯೂ ಕಾಯಬಾರದು ಅನ್ನುವುದಷ್ಟೇ ನನಗೆ ಗೊತ್ತು.

ಮುಟ್ಟುವ ಮೊದಲು

ಕುದುರೆ ಇದ್ದಕ್ಕಿದ್ದಂತೆ ತೂರಾಡಿದರೆ, ಜೊಲ್ಲು ಸುರಿಸಿದರೆ, ಮೇವು ನುಂಗಲಾಗದೆ ಬಾಯಿಂದ ಉದುರಿಸಿದರೆ ಮೊದಲು ರೇಬೀಸ್ ನೆನಪಾಗಬೇಕು. ನಾಯಿ ಕಚ್ಚಿದ್ದು ಯಾರೂ ನೋಡಿಲ್ಲ ಅಂದ ಮಾತ್ರಕ್ಕೆ ಕಚ್ಚಿಲ್ಲ ಅಂತ ಅಲ್ಲ. ಗಂಟಲಲ್ಲಿ ಮೇವು ಸಿಕ್ಕಿಕೊಂಡಿದೆ ಅಂದುಕೊಂಡು ಬಾಯಿಗೆ ಕೈ ಹಾಕುವುದು ನಮ್ಮಲ್ಲಿ ಎಲ್ಲರೂ ಮಾಡುವ ತಪ್ಪು. ಹಾಕಬೇಡಿ. ಕೈಗೆ ಗವಸು ಇರಲಿ, ಮಕ್ಕಳು ಲಾಯದ ಹತ್ತಿರ ಸುಳಿಯುವುದು ಬೇಡ. ಜೊಲ್ಲು ಗಾಯಕ್ಕೆ ತಾಗಿದ್ದರೆ ಸೋಪು ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ರೇಬೀಸ್ ಶುರುವಾದ ಕುದುರೆ ಕೆಲವೇ ದಿನಗಳಲ್ಲಿ ಸಾಯುತ್ತದೆ, ಅದಕ್ಕೆ ಮದ್ದಿಲ್ಲ. ನಿಮಗಿದೆ, ತಡಮಾಡದಿದ್ದರೆ.

ಇನ್ನೊಂದು ಮಾತು. ತೂರಾಡುವ ಕುದುರೆ ಒದೆಯುವುದಕ್ಕಿಂತ ಮೇಲೆ ಬೀಳುವುದೇ ಜಾಸ್ತಿ ಅಪಾಯ. ಇಳಿಜಾರಲ್ಲಿ ಅದರ ಕೆಳಗಿನ ಬದಿಯಲ್ಲಿ ನಿಲ್ಲಬೇಡಿ. ಅಂಥ ಕುದುರೆಯ ಮೇಲೆ ಸವಾರಿಯಂತೂ ಬೇಡವೇ ಬೇಡ.

ಕುಂಟು ಬೇರೆ, ತೂರಾಟ ಬೇರೆ

ಗೌರಿಯ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ರೇಸ್ ಕುದುರೆ ನೋಡಿಕೊಂಡು ಕೂದಲು ಬೆಳ್ಳಗೆ ಮಾಡಿಕೊಂಡ ಒಬ್ಬ ಹಿರಿಯರು. ಬೇರೆ ಕೆಲಸಕ್ಕೆ ಬಂದವರು, ಗೌರಿ ನೀರಿಗೆ ಹೋಗುವುದನ್ನು ಸುಮ್ನೆ ನಿಂತು ನೋಡಿದರು. "ಗೌಡ್ರೇ, ಇವಳಿಗೆ ಕಾಲು ನೋವು ಅಂತ ಯಾರು ಹೇಳಿದ್ದು? ಕಾಲು ಎಲ್ಲಿಟ್ಟೆ ಅಂತ ಇವಳಿಗೇ ಗೊತ್ತಾಗ್ತಿಲ್ಲ."

ವ್ಯತ್ಯಾಸ ಇಷ್ಟೇ. ಕಾಲು ನೋಯುವ ಕುದುರೆ ಪ್ರತಿ ಹೆಜ್ಜೆಗೂ ಒಂದೇ ತರ ಕುಂಟುತ್ತದೆ. ಮುಂಗಾಲು ನೋವಾದರೆ ಆ ಕಾಲು ನೆಲಕ್ಕೆ ತಾಗುವಾಗೆಲ್ಲ ತಲೆ ಮೇಲಕ್ಕೆತ್ತುತ್ತದೆ. ತಾಳ ತಪ್ಪುವುದಿಲ್ಲ. ಬೆನ್ನುಹುರಿ ಕೆಟ್ಟ ಕುದುರೆಯ ಹೆಜ್ಜೆ ಒಂದೊಂದೂ ಒಂದೊಂದು ತರ. ಒಂದು ಹೆಜ್ಜೆ ಅಗಲ, ಮುಂದಿನದು ಒಳಗೆ, ಮೂರನೆಯದರಲ್ಲಿ ಗೊರಸಿನ ತುದಿ ನೆಲ ಸವರುತ್ತದೆ. ಕುತ್ತಿಗೆ ಮಾತ್ರ ನೋಯುವ ಕುದುರೆಯದು ಇನ್ನೊಂದು ಕತೆ. ಹೆಜ್ಜೆ ಸರಿ ಇರುತ್ತದೆ, ಆದರೆ ತಲೆ ತಿರುಗಿಸಲ್ಲ, ನೆಲಕ್ಕೆ ಬಗ್ಗಿಸಲ್ಲ, ಜೀನು ಬಿಗಿದರೆ ಸಿಡುಕುತ್ತದೆ.

ತೊಡಕು ಏನಂದರೆ ಈ ಮೂರೂ ಒಂದೇ ಕುದುರೆಯಲ್ಲಿ ಸೇರಿರಬಹುದು. ಕುತ್ತಿಗೆಯ ಬುಡದ ಕೀಲು ಸವೆದು ಊದಿಕೊಂಡರೆ ಅಲ್ಲಿಂದ ಮುಂಗಾಲಿಗೆ ಹೋಗುವ ನರಕ್ಕೆ ಒತ್ತು ಬೀಳುತ್ತದೆ. ಆಗ ಮುಂಗಾಲು ನಿಜವಾಗಿಯೂ ಕುಂಟುತ್ತದೆ. ಡಾಕ್ಟರು ಕಾಲಿನ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೂ ಕುಂಟು ಹೋಗುವುದಿಲ್ಲ. ಅಲ್ಲಿಗೆ ಕುತ್ತಿಗೆ ನೋಡಬೇಕು ಅಂತ ಅರ್ಥ.

ಕಣದಲ್ಲಿ ನೀರು ಸುರಿದು ನೋಡಿ

ಇದಕ್ಕೆ ಯಾವ ಮೆಷಿನ್ನೂ ಬೇಡ. ಕಾಫಿ ಒಣಗಿಸುವ ಸಿಮೆಂಟ್ ಕಣ ಸಾಕು. ಒಂದು ತುದಿಯಲ್ಲಿ ಎರಡು ಕೊಡ ನೀರು ಸುರಿದು ಕುದುರೆಯನ್ನು ಆ ನೀರಿನ ಮೇಲಿಂದ ಒಣ ಸಿಮೆಂಟಿಗೆ ನೇರವಾಗಿ ನಡೆಸಿ. ಹಗ್ಗ ಸಡಿಲ ಇರಲಿ. ಆಮೇಲೆ ಹಿಂದಿರುಗಿ ಗುರುತು ನೋಡಿ. ಚೆನ್ನಾಗಿರುವ ಕುದುರೆಯ ಹಿಂಗಾಲು ಮುಂಗಾಲಿನ ಗುರುತಿನ ಮೇಲೋ ಹತ್ತಿರವೋ ಬೀಳುತ್ತದೆ, ಪ್ರತಿ ಸಲವೂ ಹೆಚ್ಚುಕಮ್ಮಿ ಅಷ್ಟೇ ದೂರಕ್ಕೆ. ಗೌರಿಯ ಹಿಂದಿನ ಬಲಗಾಲಿನ ಗುರುತು ಒಂದು ಸಲ ಗೆರೆ ಬಿಟ್ಟು ಗೇಣು ಆಚೆ ಇತ್ತು, ಇನ್ನೊಂದು ಸಲ ಎಡಗಾಲಿನ ಗುರುತನ್ನೇ ತುಳಿದಿತ್ತು. ಎರಡು ಗುರುತಿಗೆ ಮುಂದುಗಡೆ ಗೊರಸು ಎಳೆದ ಬಾಲ ಬೇರೆ, ಬ್ರಷ್ ಎಳೆದ ಹಾಗೆ. ಲಾಳ ಎತ್ತಿ ನೋಡಿದರೆ ಹಿಂದಿನದರ ತುದಿ ಚಪ್ಪಟೆಯಾಗಿ ಸವೆದಿತ್ತು. ಎರಡು ಸಲ ಲಾಳ ಹೊಡೆಸಿದ ನಾನು ಹಳೆಯದನ್ನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ನೋಡಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು.

ಮುಂದಿನದು ಸಣ್ಣ ಸುತ್ತು. ಕುದುರೆಯನ್ನು ನಿಮ್ಮ ಸುತ್ತ ಬಿಗಿಯಾಗಿ ಎರಡೂ ಕಡೆ ತಿರುಗಿಸಿ. ಬೆನ್ನುಹುರಿಯ ತೊಂದರೆ ಇದ್ದರೆ ಹೊರಗಿನ ಹಿಂಗಾಲು ಕುಡುಗೋಲು ಬೀಸಿದ ಹಾಗೆ ಅಗಲಕ್ಕೆ ಹೋಗುತ್ತದೆ. ಒಳಗಿನ ಕಾಲು ಎತ್ತದೆ ಅದರ ಮೇಲೇ ಗಿರಕಿ ಹೊಡೆಯುತ್ತದೆ. ಹಿಮ್ಮುಖ ನಡೆಸಿದರೆ ಗೊರಸು ಎಳೆದುಕೊಂಡು ಬರುತ್ತದೆ, ಇಲ್ಲಾ ಹಿಂದೆ ಕುಸಿದು ಕೂರುವ ಹಾಗಾಗುತ್ತದೆ. ತಲೆ ಮೇಲಕ್ಕೆತ್ತಿಸಿ ಸ್ವಲ್ಪ ಇಳಿಜಾರಲ್ಲಿ ನಡೆಸಿದರೆ ಅಡಗಿದ್ದ ದೋಷವೂ ಹೊರಬೀಳುತ್ತದೆ. ನಮ್ಮ ಕಡೆ ಇಳಿಜಾರಿಗೇನು ಬರ!

ಬಾಲ ಎಳೆಯುವ ಪರೀಕ್ಷೆಗೆ ಇಬ್ಬರು ಬೇಕು. ಒಬ್ಬರು ನಡೆಸುವಾಗ ಇನ್ನೊಬ್ಬರು ಪಕ್ಕದಲ್ಲಿ ನಡೆಯುತ್ತಾ ಬಾಲವನ್ನು ತಮ್ಮ ಕಡೆಗೆ ಎಳೆಯಬೇಕು. ಗಟ್ಟಿ ಕುದುರೆ ಒಮ್ಮೆ ಜಗ್ಗಿದರೂ ಮುಂದಿನ ಹೆಜ್ಜೆಗೆ ತಡೆದುಕೊಳ್ಳುತ್ತದೆ. ಸೊಂಟ ಬಿದ್ದ ಕುದುರೆ ಎಷ್ಟು ಸಲ ಎಳೆದರೂ ಬರುತ್ತದೆ. ಒದೆಯುವ ಕುದುರೆಗೆ ಇದನ್ನು ಮಾಡಬೇಡಿ. ಎಲ್ಲವನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿಡಿ. ಡಾಕ್ಟರು ಬಂದಾಗ ಕುದುರೆ ನೆಟ್ಟಗೆ ನಡೆದು ನಮ್ಮನ್ನು ಸುಳ್ಳುಗಾರರನ್ನಾಗಿ ಮಾಡುವುದು ಮಾಮೂಲು.

ಡಾಕ್ಟರುಗಳು ಈ ತೂರಾಟಕ್ಕೆ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. 1 ಅಂದರೆ ಪರೀಕ್ಷೆ ಮಾಡಿದಾಗ ಮಾತ್ರ ಕಾಣುವಂಥದ್ದು. 3 ಅಂದರೆ ಯಾರು ನೋಡಿದರೂ ಗೊತ್ತಾಗುವಂಥದ್ದು. 5 ಅಂದರೆ ಎದ್ದೇಳಲಾಗದ ಸ್ಥಿತಿ. ಕುತ್ತಿಗೆಯಲ್ಲಿ ಹುರಿ ಒತ್ತಿಕೊಂಡರೆ ಸಾಮಾನ್ಯವಾಗಿ ಹಿಂಗಾಲು ಮುಂಗಾಲಿಗಿಂತ ಒಂದು ಅಂಕ ಹೆಚ್ಚು ಕೆಟ್ಟಿರುತ್ತದೆ. ಹಿಂಗಾಲಿನ ನರದೆಳೆಗಳು ಹುರಿಯ ಹೊರಮೈಯಲ್ಲಿರುವುದರಿಂದ ಒತ್ತು ಅವಕ್ಕೇ ಮೊದಲು ತಾಗುತ್ತದೆ. ಹಾಗಾಗಿ ಸೊಂಟ ಬಿದ್ದಿದೆ ಅಂತ ಕಂಡರೂ ತಪ್ಪು ಕುತ್ತಿಗೆಯಲ್ಲೇ ಇರಬಹುದು. ಮುಂಗಾಲೇ ಜಾಸ್ತಿ ಕೆಟ್ಟಿದ್ದರೆ ಕುತ್ತಿಗೆಯ ಬುಡವನ್ನು ಅನುಮಾನಿಸಿ. ಮುಂಗಾಲು ಚೆನ್ನಾಗಿದ್ದು ಹಿಂದಿನದು ಮಾತ್ರ ಸೋತಿದ್ದರೆ ಬೆನ್ನು, ಸೊಂಟದ ಭಾಗವನ್ನೂ ನೋಡಬೇಕು.

ಕುತ್ತಿಗೆ ಹಿಡಿದಿದೆಯೇ?

ಕುದುರೆಯ ಕತ್ತಿನಲ್ಲಿ 7 ಮೂಳೆಗಳಿವೆ. ಜೂಲಿನ ಕೆಳಗೇ ಮೂಳೆ ಇದೆ ಅಂತ ಅನೇಕರು ತಿಳಿದಿರುತ್ತಾರೆ. ಇಲ್ಲ. ತಲೆಯ ಹಿಂದೆ ಮೇಲಿದ್ದದ್ದು ಕೆಳಗಿಳಿಯುತ್ತಾ ಹೆಗಲ ಹತ್ತಿರ ಬರುವಾಗ ಕತ್ತಿನ ಕೆಳಭಾಗದಲ್ಲೇ ಇರುತ್ತದೆ. ಎರಡೂ ಬದಿ ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಬನ್ನಿ. ಒಂದು ಬದಿಯ ಮಾಂಸ ಸೊರಗಿದೆಯಾ, ಒಂದೇ ಜಾಗ ಮಾತ್ರ ಬೆವೆತಿದೆಯಾ ನೋಡಿ.

ಆಮೇಲೆ ಕ್ಯಾರೆಟ್. ಮೊದಲು ಹೆಗಲ ಹತ್ತಿರ, ನಂತರ ಪಕ್ಕೆಯ ಹತ್ತಿರ, ಕೊನೆಗೆ ಮುಂಗಾಲುಗಳ ನಡುವೆ ಹಿಡಿಯಿರಿ. ಕುದುರೆ ತಾನೇ ತಿರುಗಬೇಕು, ನೀವು ಎಳೆಯಬಾರದು. ಒಂದು ಕಡೆ ಸಲೀಸಾಗಿ ಬಂದು ಇನ್ನೊಂದು ಕಡೆ ತಲೆ ಓರೆ ಮಾಡಿ ಮೋಸ ಮಾಡಿದರೆ, ಇಲ್ಲಾ ಇಡೀ ಮೈಯನ್ನೇ ತಿರುಗಿಸಿದರೆ, ಅಲ್ಲಿ ನೋವಿದೆ. ಗೌರಿ ಮಾಡಿದ್ದು ಇನ್ನೊಂದು. ನೆಲದ ಹುಲ್ಲು ಬಿಟ್ಟು ಬೇಲಿಯ ಮೇಲಿನದನ್ನು ತಿನ್ನತೊಡಗಿದಳು. ನೆಲದ್ದೇ ಬೇಕಾದಾಗ ಮುಂಗಾಲು ಎರಡನ್ನೂ ಜಿರಾಫೆಯಂತೆ ಅಗಲಿಸಿ ಬಗ್ಗುತ್ತಿದ್ದಳು. ನಾವು ನಕ್ಕಿದ್ದೆವು.

ಕತ್ತು ಬಿಗಿದಿದ್ದಕ್ಕೆಲ್ಲ ದೊಡ್ಡ ಕಾಯಿಲೆಯೇ ಕಾರಣ ಅಂತಲ್ಲ. ನಿನ್ನೆ ಮೊನ್ನೆ ಕತ್ತಿಗೆ ಇಂಜೆಕ್ಷನ್ ಕೊಟ್ಟಿದ್ದರಾ? ಆ ಜಾಗ ಊದಿ ಕೀವು ಕಟ್ಟಿದರೆ ಕುದುರೆ ತಲೆ ಬಗ್ಗಿಸುವುದೇ ಇಲ್ಲ. ನೀರಿನ ಬಕೆಟ್ಟು ಎತ್ತಿ ಹಿಡಿದರೆ ಗಟಗಟ ಕುಡಿಯುತ್ತದೆ. ಬಿಗಿಯಾಗಿ ಗೂಟಕ್ಕೆ ಕಟ್ಟಿದ್ದಾಗ ಬೆದರಿ ಹಿಂದಕ್ಕೆ ಜಗ್ಗಿದ್ದರೆ ಕಿವಿಯ ಹಿಂದಿನ ಭಾಗಕ್ಕೆ ಪೆಟ್ಟಾಗಿರುತ್ತದೆ. ನೆತ್ತಿಯ ಹಿಂದೆ ಮೆತ್ತಗಿನ ಊತವಿದ್ದರೆ ನೀವೇ ಕುಯ್ಯಬೇಡಿ. ಅಲ್ಲಿ ಕೆಲವೊಮ್ಮೆ ದನಗಳಿಗೆ ಗರ್ಭಪಾತ ಮಾಡಿಸುವ ಬ್ರೂಸೆಲ್ಲಾ ಅನ್ನುವ ರೋಗಾಣು ಇರುತ್ತದೆ, ಮನುಷ್ಯರಿಗೂ ಅಂಟುತ್ತದೆ.

ಮಲೆನಾಡಿನಲ್ಲಿ ಮೊದಲು ಅನುಮಾನಿಸಬೇಕಾದ್ದು

ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಬೆನ್ನುಹುರಿಗೆ ಪರಾವಲಂಬಿ ಹತ್ತುವ ಇಪಿಎಂ ಅನ್ನುವ ಕಾಯಿಲೆ ಬೇಗ ಕಣ್ಣಿಗೆ ಬೀಳುತ್ತದೆ. ಅದರ ಪರಾವಲಂಬಿಯನ್ನು ಹರಡುವುದು ಅಮೆರಿಕ ಖಂಡದ ಒಪೊಸಮ್ ಪ್ರಾಣಿ. ನಮ್ಮ ತೋಟದಲ್ಲಿ ಅದಿಲ್ಲ. ಇಲ್ಲೇ ಹುಟ್ಟಿ ಬೆಳೆದ ಕುದುರೆಗೆ ಆ ದುಬಾರಿ ಮಾತ್ರೆ ತರಿಸಲು ಹೋಗಬೇಡಿ.

ನಮ್ಮಲ್ಲಿ ಬರುವ ಕಾಯಿಲೆ ಕುಮ್ರಿ. ದನದ ಹೊಟ್ಟೆಯೊಳಗೆ ದಾರದಂತಹ ಬಿಳಿ ಹುಳ ಇರುತ್ತದೆ, ಸೆಟೇರಿಯಾ ಅಂತ ಹೆಸರು. ದನಕ್ಕೆ ಅದರಿಂದ ಅಷ್ಟೇನೂ ತೊಂದರೆ ಇಲ್ಲ. ಅದರ ಮರಿಗಳನ್ನು ಸೊಳ್ಳೆ ಹೊತ್ತು ತಂದು ಕುದುರೆಗೆ ಚುಚ್ಚಿದರೆ ಅವು ದಾರಿ ತಪ್ಪಿ ಬೆನ್ನುಹುರಿಗೋ ಮೆದುಳಿಗೋ ನುಗ್ಗುತ್ತವೆ. ರಾತ್ರಿ ಚೆನ್ನಾಗಿದ್ದ ಕುದುರೆ ಬೆಳಿಗ್ಗೆ ಸೊಂಟ ಎಳೆಯುತ್ತದೆ. ಜ್ವರ ಇರುವುದಿಲ್ಲ, ಮೇವು ತಿನ್ನುತ್ತದೆ. ದನದ ಕೊಟ್ಟಿಗೆ ಪಕ್ಕದಲ್ಲೇ ಲಾಯ, ಸುತ್ತ ನೀರು ನಿಂತ ಗದ್ದೆ, ಮಳೆಗಾಲದ ಸೊಳ್ಳೆ. ನಮ್ಮಲ್ಲಿ ಎಲ್ಲವೂ ಸಿದ್ಧ ಇರುತ್ತದೆ ಅಲ್ವಾ? ಐವರ್‌ಮೆಕ್ಟಿನ್ ಅಥವಾ ಡಿಇಸಿ ಅನ್ನುವ ಹುಳದ ಮದ್ದು, ಜೊತೆಗೆ ಊತ ಇಳಿಸುವ ಮದ್ದು ಕೊಡುತ್ತಾರೆ. ಹುಳ ಈಗಾಗಲೇ ಹುರಿಯನ್ನು ಕೊರೆದಿದ್ದರೆ ಆದ ಹಾನಿ ಪೂರ್ತಿ ವಾಪಸ್ ಬರುವುದಿಲ್ಲ. ಬೇಗ ಶುರು ಮಾಡಿದವರಿಗೆ ಲಾಭ.

ರಕ್ತಕ್ಕೆ ಪರಾವಲಂಬಿ ಸೇರಿ ಬರುವ ಸರ್ರಾ ಕಾಯಿಲೆ ಇದಕ್ಕೆ ಉಲ್ಟಾ. ಕುದುರೆ ನೊಣ ಕಚ್ಚಿ ಹರಡುತ್ತದೆ. ಜ್ವರ ಬಂದು ಹೋಗಿ ಬಂದು ಹೋಗಿ ಮಾಡುತ್ತದೆ. ತಿಂದರೂ ಬಡಕಲಾಗುತ್ತದೆ, ಕಾಲು ಮತ್ತು ಹೊಟ್ಟೆಯ ಅಡಿ ಊದುತ್ತದೆ, ಒಸಡು ಬಿಳಿಚುತ್ತದೆ. ಕೊನೆಗೆ ಸೊಂಟ ತೂಗಾಡುತ್ತದೆ. ಜ್ವರ ಇರುವಾಗಲೇ ರಕ್ತ ತೆಗೆದು ಸ್ಲೈಡ್ ನೋಡಿಸಬೇಕು. ಜ್ವರ ಇಳಿದಾಗ ನೋಡಿದರೆ ಸಿಗದೆ ಹೋಗಬಹುದು. ಪತ್ತೆಯಾದರೆ ಕ್ವಿನಾಪೈರಮಿನ್ ಅನ್ನುವ ಮದ್ದಿದೆ.

ಥರ್ಮಾಮೀಟರ್ ಲಾಯದಲ್ಲೇ ಇರಲಿ. ಗುದದಲ್ಲಿಟ್ಟು ನೋಡಬೇಕು. 99.5ರಿಂದ 101.3 ಡಿಗ್ರಿ ಫ್ಯಾರನ್‌ಹೀಟ್ ಸರಿಯಾದದ್ದು. ಸುಮ್ನಿರುವಾಗ ನಾಡಿ ನಿಮಿಷಕ್ಕೆ 28ರಿಂದ 44. ಒಂದಕ್ಕಿಂತ ಹೆಚ್ಚು ಕುದುರೆಗೆ ಜ್ವರ ಬಂದು, ಅದರಲ್ಲಿ ಒಂದು ತೂರಾಡಿ, ಮೂತ್ರ ತೊಟ್ಟಿಕ್ಕಿ, ಬಾಲ ಜೋತುಬಿದ್ದರೆ ಹರ್ಪಿಸ್ ವೈರಸ್ ಇರಬಹುದು. ಯಾವ ಕುದುರೆಯನ್ನೂ ತೋಟದಿಂದ ಹೊರಗೆ ಕಳಿಸಬೇಡಿ, ಮದುವೆ ಸೀಸನ್ ಆದರೂ ಸರಿ.

ಕುತ್ತಿಗೆ ಮರದ ದಿಮ್ಮಿಯಂತೆ ಸೆಟೆದು, ಕಿವಿ ನೆಟ್ಟಗಾಗಿ, ಬಾಲ ಎತ್ತಿ ಹಿಡಿದು, ನಾಲ್ಕೂ ಕಾಲು ಬೆಂಚಿನಂತೆ ಊರಿದ್ದರೆ ಅದು ಧನುರ್ವಾಯು. ಗದ್ದದ ಕೆಳಗೆ ಮೆಲ್ಲಗೆ ತಟ್ಟಿ ತಲೆ ಎತ್ತಿಸಿದರೆ ಕಣ್ಣಿನ ಒಳಮೂಲೆಯಿಂದ ಮೂರನೇ ರೆಪ್ಪೆ ಸರ್ರನೆ ಬಂದು ಮುಚ್ಚುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ. ಕಳೆದ ಮೂರು ವಾರದಲ್ಲಿ ಮೊಳೆ ಚುಚ್ಚಿತ್ತಾ ನೆನಪಿಸಿಕೊಳ್ಳಿ. ಲಾಯ ಕತ್ತಲು ಮಾಡಿ, ಸದ್ದು ನಿಲ್ಲಿಸಿ, ತಕ್ಷಣ ಡಾಕ್ಟರನ್ನು ಕರೆಯಿರಿ. ವರ್ಷಕ್ಕೊಂದು ಲಸಿಕೆ ಹಾಕಿಸಿದ್ದರೆ ಈ ಪ್ಯಾರಾ ನಿಮಗೆ ಬೇಕಾಗುವುದಿಲ್ಲ.

ಮೇವನ್ನೂ ನೋಡಿ. ಬೂಷ್ಟು ಹಿಡಿದ ಮೆಕ್ಕೆಜೋಳ ಕುದುರೆಗೆ ವಿಷ. ಅದರ ಶಿಲೀಂಧ್ರದ ವಿಷ ಮೆದುಳಿನ ಬಿಳಿ ಭಾಗವನ್ನು ಕರಗಿಸುತ್ತದೆ. ಕುದುರೆ ಮಂಕಾಗಿ, ಗೋಡೆಗೆ ತಲೆ ಒತ್ತಿ ನಿಂತು, ಕಣ್ಣು ಕಾಣದೆ ಸುತ್ತು ಹೊಡೆದು ಎರಡು ಮೂರು ದಿನದಲ್ಲಿ ಹೋಗಿಬಿಡಬಹುದು. ಮದ್ದಿಲ್ಲ. ಮಳೆಗೆ ನೆಂದ ಜೋಳ ಅಗ್ಗಕ್ಕೆ ಸಿಕ್ಕಿತು ಅಂತ ತರುವವರಿಗೆ ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ದನ ತಡೆದುಕೊಂಡೀತು, ಕುದುರೆ ತಡೆಯಲ್ಲ. ಇನ್ನು ಗುಡ್ಡದ ಬದಿಯ ಒರಟು ಜರಿಗಿಡವನ್ನು ವಾರಗಟ್ಟಲೆ ತಿಂದ ಕುದುರೆಯೂ ತೂರಾಡುತ್ತದೆ. ಅದು ಬಿ1 ವಿಟಮಿನ್ನನ್ನು ನಾಶ ಮಾಡುತ್ತದೆ. ಈ ಪಟ್ಟಿಯಲ್ಲಿ ಖುಷಿಯ ಸುದ್ದಿ ಇದೊಂದೇ: ಬೇಗ ಗೊತ್ತಾಗಿ ಬಿ1 ಇಂಜೆಕ್ಷನ್ ಬಿದ್ದರೆ ಕುದುರೆ ಸುಧಾರಿಸುತ್ತದೆ.

ಇಂಜೆಕ್ಷನ್ ಆತುರ

ಗೌರಿಗೆ ಮೊದಲು ಬಂದು ನೋಡಿದವರು ಎರಡು ನಿಮಿಷದಲ್ಲಿ ಡೆಕ್ಸಾ ಅನ್ನುವ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು ಹೋದರು. ಮಾರನೇ ದಿನ ಅವಳು ಚೆನ್ನಾಗಿ ನಡೆದಳು. ನಾವು ಕಾಫಿ ಕುಡಿದು ಸಂಭ್ರಮಿಸಿದೆವು. ವಾರಕ್ಕೆ ಮತ್ತೆ ಅದೇ. ಸ್ಟೀರಾಯ್ಡ್ ಊತ ಇಳಿಸುತ್ತದೆ, ಜೊತೆಗೆ ಗುರುತುಗಳನ್ನೂ ಮುಚ್ಚಿಬಿಡುತ್ತದೆ. ಸರ್ರಾ, ವೈರಸ್ ಇದ್ದರೆ ಮೈಯ ತಡೆಯುವ ಶಕ್ತಿಯನ್ನೇ ಕುಗ್ಗಿಸುತ್ತದೆ. ಜ್ವರ ನೋಡದೆ, ರಕ್ತ ತೆಗೆಯದೆ ಅದನ್ನು ಕೊಡಬೇಡಿ ಅಂತ ಕೇಳುವ ಹಕ್ಕು ಸಾಕಿದವರಿಗಿದೆ. ನೋವಿಗೆ ಡೈಕ್ಲೋಫೆನಾಕ್ ಕೂಡ ಬೇಡ. ಆ ಮದ್ದು ಸೇರಿದ ಹೆಣ ತಿಂದ ರಣಹದ್ದುಗಳು ಸಾಯುತ್ತವೆ ಅಂತ 2006ರಲ್ಲೇ ಪಶುಗಳಿಗೆ ಅದನ್ನು ನಿಷೇಧಿಸಿದ್ದಾರೆ. ಎರಡು ಬಗೆಯ ನೋವಿನ ಮದ್ದು ಒಟ್ಟಿಗೆ ಕೊಟ್ಟರೆ ಹೊಟ್ಟೆ ಹುಣ್ಣಾಗಿ ಕಿಡ್ನಿಗೂ ಏಟು.

ತುರ್ತಿಗೆ 1962ಕ್ಕೆ ಫೋನ್ ಮಾಡಿ, ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನದ ನಂಬರ್ ಅದು. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಆದರೆ 3 ಅಂಕಕ್ಕಿಂತ ಹೆಚ್ಚು ತೂರಾಡುವ ಕುದುರೆಯನ್ನು ಘಾಟಿಯ ತಿರುವುಗಳಲ್ಲಿ ಲಾರಿಯಲ್ಲಿ ಒಯ್ಯುವ ಮೊದಲು ಡಾಕ್ಟರನ್ನೇ ಕೇಳಿ. ದಾರಿಯಲ್ಲಿ ಬಿದ್ದರೆ ಎಬ್ಬಿಸುವುದು ಕಷ್ಟ.

ಎಕ್ಸ್‌ರೇ ಆದ ಮೇಲೆ

ಕುತ್ತಿಗೆಯ ಎಕ್ಸ್‌ರೇಯನ್ನು ಕುದುರೆ ನಿಂತಿದ್ದಂತೆಯೇ ತೆಗೆಯಬಹುದು. ಬುಡದ ಮೂಳೆಗಳಿಗೆ ಮಾತ್ರ ಶಕ್ತಿಯ ಮೆಷಿನ್ ಬೇಕು, ಅಲ್ಲಿ ಮಾಂಸ ದಪ್ಪ. ಹುರಿ ಹೋಗುವ ಕೊಳವೆಯ ಎತ್ತರವನ್ನು ಮೂಳೆಯ ಎತ್ತರದಿಂದ ಭಾಗಿಸುತ್ತಾರೆ. 4ರಿಂದ 6ನೇ ಮೂಳೆಯಲ್ಲಿ ಅದು 0.52ಕ್ಕಿಂತ ಕಡಿಮೆ ಬಂದರೆ ಕೊಳವೆ ಕಿರಿದಾಗಿರುವ ಅನುಮಾನ. ಮರಿ ಕುದುರೆಗಳಲ್ಲಿ 3, 4, 5ನೇ ಮೂಳೆಗಳ ನಡುವೆ, ಕುತ್ತಿಗೆ ಬಗ್ಗಿದಾಗ ಹುರಿ ನಲುಗುವುದು ಹೆಚ್ಚು. ಬೇಗ ಬೆಳೆಸುವ ಆಸೆಗೆ ಧಾನ್ಯ ಸುರಿದ ಮರಿಗಳಲ್ಲಿ ಇದು ಕಾಣುತ್ತದೆ. ಕಾಳು ಕಡಿಮೆ ಮಾಡಿ ಓಡಾಟ ನಿಲ್ಲಿಸಿದರೆ ಕೆಲವು ಮರಿಗಳು ಸುಧಾರಿಸುತ್ತವೆ. ವಯಸ್ಸಾದವುಗಳಲ್ಲಿ 5ರಿಂದ 7ನೇ ಮೂಳೆಗಳ ಕೀಲು ಸವೆತ. ಮೂಳೆ ಬೆಸೆಯುವ ಆಪರೇಷನ್ ಇದೆ, ಆದರೆ ನಮಗದು ದೂರದ ಮಾತು.

ಗೌರಿಯದು 6 ಮತ್ತು 7ನೇ ಮೂಳೆಗಳ ನಡುವಿನ ಕೀಲು. ಎಕ್ಸ್‌ರೇಯಲ್ಲಿ ಹೂಕೋಸಿನ ಹಾಗೆ ಅರಳಿಕೊಂಡಿತ್ತು. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಕೀಲಿನೊಳಗೇ ಮದ್ದು ಬಿಟ್ಟರು. ಈಗ ಕೊಟ್ಟದ್ದೂ ಸ್ಟೀರಾಯ್ಡೇ, ಆದರೆ ಜಾಗ ಗೊತ್ತಾಗಿ ಕೊಟ್ಟದ್ದು. ಇದು ತಿಂಗಳುಗಟ್ಟಲೆ ಆರಾಮ ಕೊಡುತ್ತದೆ, ಸವೆತವನ್ನು ವಾಪಸ್ ತರುವುದಿಲ್ಲ.

ಈಗ ಅವಳ ಹುಲ್ಲಿನ ಬಲೆ ನನ್ನ ಎದೆಯ ಮಟ್ಟಕ್ಕಿದೆ, ನೀರಿನ ತೊಟ್ಟಿಯ ಕೆಳಗೆ ಎರಡು ಸಾಲು ಇಟ್ಟಿಗೆ. ಗೂಟಕ್ಕೆ ಬಿಗಿದು ಕಟ್ಟುವುದಿಲ್ಲ. ಸವಾರಿ ನಿಂತಿದೆ. ಸಂಜೆ ಕಣದ ಸುತ್ತ ಅರ್ಧ ಗಂಟೆ ನಡೆಸುತ್ತೇವೆ. ತಿಂಗಳ ಮೊದಲ ಭಾನುವಾರ ಎರಡು ಕೊಡ ನೀರು ಸುರಿದು ಫೋಟೋ ತೆಗೆದಿಡುತ್ತೇನೆ. ಹೋದ ಸಲದ ಗುರುತಿನಲ್ಲಿ ಹಿಂದಿನ ಬಲಗಾಲು ಗೆರೆಯಿಂದ ಎರಡು ಬೆರಳು ಆಚೆ ಇತ್ತು, ಎಳೆದ ಬಾಲ ಇರಲಿಲ್ಲ.